ಪಾಮ್ ಗಿಡ ಸೊರಗುತ್ತಿದೆಯಾ? ದೊಡ್ಡ ಕುಂಡ ತರುವ ಮೊದಲು ಬೇರು ನೋಡಿ

ನಮ್ಮ ಮನೆ ಮುಂಬಾಗಿಲಿನ ಎರಡೂ ಕಡೆ ಎರಡು ಅರೇಕಾ ಪಾಮ್ ಇದ್ದವು. ಈಗ ಒಂದೇ ಇದೆ. ಇನ್ನೊಂದನ್ನು ಕೊಂದವಳು ನಾನೇ. ಅದು ರೋಗ ಬಂದು ಸತ್ತಿದ್ದಲ್ಲ, ಹುಳು ತಿಂದಿದ್ದೂ ಅಲ್ಲ. ನಾನು ಮಾಡಿದ ಉಪಚಾರಕ್ಕೆ ಸತ್ತಿದ್ದು.

ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ರಿಂಗ್ ರೋಡ್ ಪಕ್ಕದ ನರ್ಸರಿಯೊಂದರಿಂದ ಎರಡೂ ಗಿಡ ತಂದಿದ್ದೆವು. ಎರಡು ವರ್ಷ ಚೆನ್ನಾಗಿದ್ದವು. ಮೂರನೇ ಬೇಸಿಗೆಗೆ ಎಲೆಯ ತುದಿ ಕಂದು ತಿರುಗಿತು. ಕತ್ತರಿ ತಗೊಂಡು ತುದಿ ಕತ್ತರಿಸಿದೆ. ಕತ್ತರಿಸಿದ ಜಾಗದಿಂದ ಮತ್ತೆ ಶುರುವಾಯಿತು. ಬಂದು ಹೋದವರೆಲ್ಲ ಹೇಳಿದ್ದು ಒಂದೇ ಮಾತು: "ಬೇರಿಗೆ ಜಾಗ ಸಾಲ್ತಿಲ್ಲ ಕಣ್ರೀ, ದೊಡ್ಡ ಪಾಟ್‌ಗೆ ಹಾಕಿ." ಸರಿ ಅಂತ ಏಪ್ರಿಲ್ ಬಿಸಿಲಲ್ಲಿ ಬಲಗಡೆಯ ಗಿಡ ಕಿತ್ತೆ. ಹಳೇ ಮಣ್ಣೆಲ್ಲ ಕೊಡವಿದೆ. ಸುತ್ತಿಕೊಂಡಿದ್ದ ಬೇರನ್ನು ದಾಸವಾಳದ ಬೇರು ಕತ್ತರಿಸಿದ ಹಾಗೆ ಕತ್ತರಿಸಿದೆ. 18 ಇಂಚಿನ ಸಿಮೆಂಟ್ ಕುಂಡಕ್ಕೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಸುರಿದು, ಗಿಡ ನೆಟ್ಟು, ದಿನಾ ಎರಡು ಚೊಂಬು ನೀರು ಹುಯ್ದೆ. ಆರು ವಾರಕ್ಕೆ ಸುಳಿ ಕಳಚಿ ಕೈಗೆ ಬಂತು.

ಆ ವಾರ ಮದ್ದೂರು ಕಡೆ ತೆಂಗಿನ ತೋಟ ಇರುವ ನಮ್ಮ ಸೋದರಮಾವ ಮನೆಗೆ ಬಂದಿದ್ದರು. ಸುಳಿ ಕಿತ್ತು ಬಂತು ಅಂದರೆ ಆಟ ಮುಗೀತು ಅನ್ನುವುದು ತೆಂಗು ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾವ ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಬೆರಳು ಹಾಕಿದರು. "ಇದು ನೀರ್ ಕುಡ್ದು ಸತ್ತದೋ, ನೀರಿಲ್ದೆ ಸತ್ತದೋ, ಅದ ನೋಡಿದ್ಯೇನವ್ವ?" ಅಂದರು.

ನೋಡಿರಲಿಲ್ಲ. ಎಡಗಡೆಯ ಗಿಡ ಉಳಿದಿದ್ದು ಆ ಪ್ರಶ್ನೆಯಿಂದ.

ದಾಸವಾಳದ ಬೇರಲ್ಲ ಇದು

ಮೊದಲು ಒಂದು ವಿಷಯ. ನರ್ಸರಿಯವರು ಅರೇಕಾ ಅಂದರೂ ಇದು ನಮ್ಮ ಅಡಿಕೆ ಅಲ್ಲ. ಮಡಗಾಸ್ಕರ್ ದ್ವೀಪದಿಂದ ಬಂದ ಬೇರೆ ಗಿಡ. (ನಮ್ಮತ್ತೆ ಎರಡು ವರ್ಷ ಅಡಿಕೆಗೆ ಕಾದರು.) ಆದರೆ ಅಡಿಕೆ, ತೆಂಗು, ಈಚಲು ಎಲ್ಲವೂ ಇದರ ನೆಂಟರೇ. ಬೇರಿನ ಸ್ವಭಾವವೂ ಹೆಚ್ಚುಕಮ್ಮಿ ಒಂದೇ.

ಮಾವು, ದಾಸವಾಳ, ಕರಿಬೇವಿಗೆ ಒಂದು ತಾಯಿಬೇರು ಇರುತ್ತದೆ. ಅದು ಕವಲೊಡೆಯುತ್ತದೆ, ವರ್ಷ ಕಳೆದ ಹಾಗೆ ದಪ್ಪ ಆಗುತ್ತದೆ. ಪಾಮ್‌ಗೆ ತಾಯಿಬೇರು ನಿಲ್ಲುವುದಿಲ್ಲ. ಕಾಂಡದ ಬುಡದಿಂದ ಪೊರಕೆ ಕಡ್ಡಿಗಳ ಹಾಗೆ ಒಂದೊಂದಾಗಿ ಬೇರು ಹೊರಡುತ್ತವೆ. ಎಷ್ಟು ದಪ್ಪ ಹುಟ್ಟುತ್ತದೋ ಕೊನೇವರೆಗೂ ಅಷ್ಟೇ ದಪ್ಪ. ಬೇರು ಸಾಲದಿದ್ದರೆ ಬುಡದಿಂದ ಇನ್ನಷ್ಟು ಹೊಸ ಬೇರು ಬರಬೇಕು. ಕತ್ತರಿಸಿದ ಬೇರು ಎಷ್ಟೋ ಸಲ ಕವಲೊಡೆಯದೆ ಬುಡದವರೆಗೂ ಸತ್ತುಹೋಗುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಪಾಮ್ ಬೇರು ಕುಂಡದೊಳಗೆ ಸುತ್ತಿಕೊಂಡರೆ ಗಾಬರಿ ಬೇಡ. ಬೇರೆ ಮರಗಳಲ್ಲಿ ಸುತ್ತಿದ ಬೇರು ದಪ್ಪವಾಗುತ್ತಾ ಬುಡವನ್ನೇ ಬಿಗಿಯುತ್ತದೆ. ಪಾಮ್‌ನಲ್ಲಿ ಬೇರು ದಪ್ಪವೇ ಆಗುವುದಿಲ್ಲವಲ್ಲ, ಬಿಗಿಯುವ ಮಾತೇ ಇಲ್ಲ. ಎರಡು, ಬೇರು ಕತ್ತರಿಸಿದರೆ ಹೊಸದಾಗಿ ಚಿಗುರುತ್ತದೆ ಅನ್ನುವ ದಾಸವಾಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು ತಪ್ಪಿದ್ದು ಇಲ್ಲೇ.

ಎಲೆ ಹೇಳೋದು ಅರ್ಧ ಮಾತ್ರ

ಎಲೆ ನೋಡಿ ಖಾಯಿಲೆ ಹೇಳುವುದು ನಮ್ಮೆಲ್ಲರಿಗೂ ಇಷ್ಟ. ಆದರೆ ಪಾಮ್‌ನಲ್ಲಿ ಬೇರು ಕೊಳೆತರೂ ಎಲೆ ಬಾಡುತ್ತದೆ, ಬೇರು ಒಣಗಿದರೂ ಬಾಡುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ಮಣ್ಣು ಕೆಸರಾಗಿದ್ದರೂ ಎಲೆಗೆ ಬಾಯಾರಿಕೆ. ನಾವು ಬಾಡಿದ ಎಲೆ ನೋಡಿ ಇನ್ನೊಂದು ಚೊಂಬು ಹುಯ್ಯುತ್ತೇವೆ.

ಆದರೂ ಎಲೆಯಿಂದ ಒಂದು ವಿಷಯ ತಿಳಿಯಬಹುದು. ತೊಂದರೆ ಹಳೇ ಎಲೆಯಲ್ಲಿದೆಯೋ ಹೊಸ ಎಲೆಯಲ್ಲಿದೆಯೋ ನೋಡಿ. ಕೆಳಗಿನ ಹಳೇ ಎಲೆಗಳಲ್ಲಿ ಕಿತ್ತಳೆ-ಹಳದಿ ಚುಕ್ಕೆ ಬಿದ್ದು, ತುದಿಯಿಂದ ಒಣಗುತ್ತಾ ಬಂದರೆ ಅದು ಪೊಟ್ಯಾಷ್ ಕೊರತೆ. ಅಂಚು ಹಳದಿ ಪಟ್ಟಿಯಾಗಿ ನಡುವೆ ಹಸಿರು ಉಳಿದರೆ ಮೆಗ್ನೀಷಿಯಂ ಕೊರತೆ. ಹೊಸ ಎಲೆಯೇ ಬಿಳಚಿಕೊಂಡು ಹುಟ್ಟುತ್ತಿದ್ದರೆ ಕಬ್ಬಿಣ ಸಿಗುತ್ತಿಲ್ಲ ಅಂತ. ಕಬ್ಬಿಣ ಮಣ್ಣಲ್ಲಿ ಇಲ್ಲ ಅಂತಲ್ಲ, ಬೇರಿಗೆ ಉಸಿರು ಕಟ್ಟಿದೆ ಅಥವಾ ಗಿಡ ಆಳಕ್ಕೆ ನೆಟ್ಟಿದೆ ಅಂತ ಮೊದಲು ಅನುಮಾನ ಪಡಿ. ಎಲ್ಲಾ ಎಲೆಗಳ ತುದಿಯೂ ಒಂದೇ ಸಮ ಕಂದಾಗಿದ್ದರೆ ನೀರಿನ ಉಪ್ಪು, ಇಲ್ಲವೇ ಒಣಗಿದ ಬೇರು.

ಅರ್ಧ ಹಳದಿಯಾದ ಹಳೇ ಎಲೆಯನ್ನು ಚೆಂದಕ್ಕೋಸ್ಕರ ಕತ್ತರಿಸಬೇಡಿ. ಪೊಟ್ಯಾಷ್ ಸಾಲದೆ ಬಂದರೆ ಗಿಡ ಹಳೇ ಎಲೆಯಿಂದ ಅದನ್ನು ಹೀರಿ ಸುಳಿಗೆ ಕಳಿಸುತ್ತಿರುತ್ತದೆ. ಆ ಎಲೆ ಕಿತ್ತರೆ ಮೇಲಿನ ಎಲೆಗೆ ಕೈ ಹಾಕುತ್ತದೆ. ಪೂರ್ತಿ ಒಣಗಿ ಕಂದಾದ ಮೇಲೆ ತೆಗೆಯಿರಿ.

ಎಲೆ ಹಿಂಬದಿಯಲ್ಲಿ ಧೂಳಿನಂಥ ಚುಕ್ಕೆ, ಸಣ್ಣ ಬಲೆ ಇದ್ದರೆ ಅದು ನುಸಿ. ಬೇಸಿಗೆಯಲ್ಲಿ ಮನೆಯೊಳಗೆ ಇಟ್ಟ ಗಿಡಕ್ಕೆ ಬರುತ್ತದೆ. ಎಲೆಯ ಎರಡೂ ಬದಿ ನೀರಲ್ಲಿ ತೊಳೆದು ಒರೆಸಿ, ವಾರಕ್ಕೊಂದು ಸಲದಂತೆ ಮೂರು ವಾರ. ಬೇರಿಗೂ ಅದಕ್ಕೂ ಸಂಬಂಧ ಇಲ್ಲ.

ಗಿಡ ಕೀಳದೆ ಮಾಡುವ ಪರೀಕ್ಷೆ

ಎಡಗಡೆಯ ಗಿಡಕ್ಕೆ ನಾನು ಮಾಡಿದ್ದನ್ನೇ ಹೇಳುತ್ತೇನೆ. ಬೇಕಾಗಿದ್ದು ಒಂದು ಬಿದಿರಿನ ಕಡ್ಡಿ, ಒಂದು ಲೀಟರ್ ಬಾಟಲಿ, ಒಂದು ಅಗಲವಾದ ತಟ್ಟೆ.

ಮೊದಲು ಕುಂಡ ಓರೆ ಮಾಡಿ ಎತ್ತಿ ನೋಡಿ. ನೀರು ಹಾಕುವ ಮೊದಲು ಒಂದು ಸಲ, ಹಾಕಿ ಅರ್ಧ ಗಂಟೆ ಬಿಟ್ಟು ಒಂದು ಸಲ. ಎರಡಕ್ಕೂ ಭಾರದಲ್ಲಿ ವ್ಯತ್ಯಾಸವೇ ಗೊತ್ತಾಗದಿದ್ದರೆ ಎಲ್ಲೋ ತಪ್ಪಿದೆ. ಒಂದೋ ಮೊದಲೇ ತುಂಬಾ ನೀರಿದೆ, ಇಲ್ಲವೋ ಹಾಕಿದ ನೀರು ಮಣ್ಣಿಗೆ ಹೋಗುತ್ತಲೇ ಇಲ್ಲ.

ಆಮೇಲೆ ಕಡ್ಡಿ. ಗಾಳಿಪಟಕ್ಕೆ ಸೀಳುತ್ತಾರಲ್ಲ, ಅಂಥ ಬಿದಿರ ಕಡ್ಡಿ ಒಂದಡಿ ಉದ್ದದ್ದು. ಅದನ್ನು ಎರಡು ಕಡೆ ಚುಚ್ಚಬೇಕು. ಒಂದು ಕುಂಡದ ಅಂಚಿನ ಹತ್ತಿರ, ಇನ್ನೊಂದು ಗಿಡದ ಬುಡಕ್ಕೆ ನಾಲ್ಕು ಬೆರಳು ದೂರದಲ್ಲಿ, ಓರೆಯಾಗಿ ಬುಡದ ಕೆಳಕ್ಕೆ. ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ಒದ್ದೆ ಇದ್ದಷ್ಟು ಉದ್ದ ಬಿದಿರು ಕಪ್ಪಾಗಿರುತ್ತದೆ. ತೇವಾಂಶದ ಮೀಟರ್ ಅಂತ ಮಾರುತ್ತಾರೆ, ನಾನೂ ಒಂದು ಕೊಂಡಿದ್ದೆ. ಅದಕ್ಕಿಂತ ಈ ಕಡ್ಡಿ ಮೇಲು.

ನಮ್ಮ ಗಿಡದ ಅಂಚಿನ ಕಡ್ಡಿ ಪೂರ್ತಿ ಕಪ್ಪಾಗಿ ಬಂತು. ನಡುವಿನ ಕಡ್ಡಿ ನಾಲ್ಕು ಇಂಚು ಇಳಿದು ನಿಂತಿತು. ಮುಂದೆ ಹೋಗಲೇ ಇಲ್ಲ, ಗೋಡೆಗೆ ಚುಚ್ಚಿದ ಹಾಗೆ. ಎಳೆದರೆ ತುದಿ ಒಣಗಿಯೇ ಇತ್ತು. ಅಂದರೆ ಒಂದೇ ಕುಂಡದಲ್ಲಿ ಹೊರಗೆ ಒದ್ದೆ, ಒಳಗೆ ಬರಗಾಲ.

ಕೊನೆಗೆ ಲೀಟರ್ ಬಾಟಲಿ. ಕುಂಡದ ಕೆಳಗೆ ತಟ್ಟೆ ಇಟ್ಟು ಒಂದು ಲೀಟರ್ ನೀರನ್ನು ನಿಧಾನವಾಗಿ ಹುಯ್ದೆ. ಒಂದು ನಿಮಿಷದಲ್ಲಿ ಹೆಚ್ಚಿನ ನೀರು ತಟ್ಟೆಗೆ ಬಂದಿತ್ತು. ಅಳೆದರೆ 850 ಮಿಲಿಲೀಟರ್. ಮಣ್ಣು ಕುಡಿದಿದ್ದು ಬರೀ 150. ಎರಡು ವರ್ಷದಿಂದ ನಾನು ಹಾಕುತ್ತಿದ್ದ ನೀರು ಹೀಗೇ ಪಕ್ಕದಿಂದ ಜಾರಿ ಹೋಗುತ್ತಿತ್ತು ಅಂತ ಕಾಣುತ್ತದೆ.

ತಟ್ಟೆಗೆ ಬಂದ ನೀರನ್ನು ಹಾಗೇ ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಸರಿ. ಚರಂಡಿ ವಾಸನೆ ಬಂದರೆ ಕೆಳಗೆ ಬೇರು ಕೊಳೆಯುತ್ತಿದೆ.

ಜೇಡಿಮಣ್ಣಿನ ಉಂಡೆ

ಒಳಗೆ ಕಡ್ಡಿ ಇಳಿಯಲಿಲ್ಲವಲ್ಲ, ಅದಕ್ಕೆ ಕಾರಣ ನರ್ಸರಿಯ ಮಣ್ಣು. ಇಲ್ಲಿ ಸಿಗುವ ಅಲಂಕಾರದ ಗಿಡಗಳಲ್ಲಿ ಹಲವು ಆಂಧ್ರದ ಗೋದಾವರಿ ಬಯಲಿನ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಬೇರಿನ ಮುದ್ದೆ ಒಡೆಯಬಾರದಲ್ಲ, ಅದಕ್ಕೆ ಅಂಟು ಅಂಟಾದ ಮಣ್ಣೇ ಬೇಕು. ಸಾಗಿಸಲು ಅದು ಒಳ್ಳೆಯದು. ಆದರೆ ನಾವು ಆ ಮುದ್ದೆಯನ್ನು ಕವರ್ ಹರಿದು ಹಾಗೇ ತಂದು, ಸುತ್ತ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಸಡಿಲ ಮಣ್ಣು ತುಂಬುತ್ತೇವೆ. ನೀರು ಸುಲಭದ ದಾರಿ ಹಿಡಿಯುತ್ತದೆ. ಸಡಿಲ ಮಣ್ಣಿನಲ್ಲಿ ಇಳಿದು ತೂತಿಂದ ಹೊರಗೆ. ಒಳಗಿನ ಜೇಡಿಮಣ್ಣು ಒಂದು ಸಲ ಪೂರ್ತಿ ಒಣಗಿದರೆ ಇಟ್ಟಿಗೆಯಾಗುತ್ತದೆ. ಮತ್ತೆ ಮೇಲಿಂದ ಹುಯ್ದ ನೀರಿಗೆ ನೆನೆಯುವುದಿಲ್ಲ.

ಇದಕ್ಕೆ ಪರಿಹಾರ ಕುಂಡ ಬದಲಿಸುವುದಲ್ಲ, ನೆನೆಸುವುದು. ಕುಂಡದ ಸಮೇತ ಗಿಡವನ್ನು ದೊಡ್ಡ ಟಬ್‌ನಲ್ಲಿ ಇಟ್ಟು, ಕುಂಡದ ಮುಕ್ಕಾಲು ಎತ್ತರ ನೀರು ತುಂಬಿ. ಗುಳ್ಳೆ ಬರುತ್ತವೆ, ಬರಲಿ. ಗುಳ್ಳೆ ನಿಂತ ಮೇಲೆ ಇನ್ನರ್ಧ ಗಂಟೆ ಬಿಟ್ಟು ಎತ್ತಿ, ನೀರು ಪೂರ್ತಿ ಸೋರಿ ಹೋಗಲಿ. ಮಣ್ಣು ಮೆತ್ತಗಿರುವಾಗಲೇ ಅದೇ ಬಿದಿರ ಕಡ್ಡಿಯಲ್ಲಿ ಬುಡದ ಸುತ್ತ ಎಂಟು ಹತ್ತು ತೂತು ನಿಧಾನವಾಗಿ ಇಳಿಸಿ. ಬೇರು ತಡೆದರೆ ಒತ್ತಬೇಡಿ, ಪಕ್ಕಕ್ಕೆ ಹೋಗಿ. ಆ ತೂತಿಗೆ ಒರಟು ಮರಳು ಸುರಿಯಿರಿ. ಮುಂದಿನ ಸಲ ನೀರು ಒಳಗೆ ಹೋಗಲು ದಾರಿಯಾಯಿತು.

ಟಬ್‌ನಲ್ಲಿ ನೆನೆಸಿದ ಮೂರನೇ ದಿನಕ್ಕೆ ನಮ್ಮ ಗಿಡದ ಮಡಚಿದ್ದ ಎಲೆಗಳು ಬಿಚ್ಚಿಕೊಂಡವು. ಬಲಗಡೆಯದ್ದಕ್ಕೂ ಇಷ್ಟೇ ಮಾಡಿದ್ದರೆ ಸಾಕಿತ್ತು.

ಮುಳುಗಿದ ಬೇರು

ಸತ್ತ ಗಿಡವನ್ನು ಎಸೆಯುವ ಮೊದಲು ಮಾವ ಅದನ್ನು ಗೋಣಿಚೀಲದ ಮೇಲೆ ಮಲಗಿಸಿ ಕುಂಡದಿಂದ ಎಳೆಸಿದರು. ಮೇಲಿನ ಅರ್ಧ ಮಣ್ಣು ಸರಿ ಇತ್ತು. ಕೆಳಗಿನ ಅರ್ಧ ಕಪ್ಪು ಕೆಸರು. ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದೆ. ಹೊರಗಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು. ಒಳಗೆ ಹೊಲಿಗೆ ದಾರದಂಥ ಎಳೆ ಮಾತ್ರ ಉಳಿಯಿತು. ಕೊಳೆತ ಪಾಮ್ ಬೇರಿನ ಗುರುತು ಇದು. ಇದನ್ನು ಒಂದು ಸಲ ಕೈಯಲ್ಲಿ ನೋಡಿದರೆ ಮರೆಯುವುದಿಲ್ಲ. ಜೀವ ಇರುವ ಬೇರು ಗಟ್ಟಿಯಾಗಿರುತ್ತದೆ, ಸಿಪ್ಪೆ ಬಿಡುವುದಿಲ್ಲ, ತುದಿ ಬೆಳ್ಳಗೆ ಅಥವಾ ಕೆನೆಬಣ್ಣಕ್ಕಿರುತ್ತದೆ. ಹಳೇ ಬೇರು ಕಂದಾಗಿದ್ದ ಮಾತ್ರಕ್ಕೆ ಕೊಳೆತಿದೆ ಅಂತಲ್ಲ, ಬಣ್ಣ ನೋಡಿ ಕತ್ತರಿಸಬೇಡಿ, ಹಿಸುಕಿ ನೋಡಿ.

ಕೆಸರಾಗಲು ಕಾರಣ ಮೂರಿದ್ದವು. ಕುಂಡ ಗಿಡಕ್ಕಿಂತ ತುಂಬಾ ದೊಡ್ಡದು. ಬೇರು ಇಲ್ಲದ ಕಡೆ ಇರುವ ನೀರನ್ನು ಕುಡಿಯುವವರೇ ಇಲ್ಲ. ಗೊಬ್ಬರ ಜಾಸ್ತಿ. ಅದು ಕರಗಿ, ಕುಸಿದು, ಗಾಳಿಯಾಡುವ ಸಂದುಗಳನ್ನೆಲ್ಲ ಮುಚ್ಚಿತ್ತು. ಮೂರನೆಯದು ನಾನು ಬಹಳ ನಂಬಿದ್ದ ಜಲ್ಲಿ. ತಳದಲ್ಲಿ ಮೂರಿಂಚು ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗುವುದು ಉಲ್ಟಾ.

ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಅಡ್ಡ ಹಿಡಿಯಿರಿ. ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ, ಅಲ್ವಾ? ಸ್ಪಂಜಿನ ತಳದಲ್ಲಿ ಒಂದಿಷ್ಟು ಎತ್ತರ ಯಾವಾಗಲೂ ನೀರು ನಿಂತಿರುತ್ತದೆ. ಸ್ಪಂಜು ಎತ್ತರ ಇದ್ದಷ್ಟೂ ಮೇಲಿನ ಭಾಗ ಒಣಗುತ್ತದೆ. ಕುಂಡದ ಮಣ್ಣೂ ಹಾಗೇ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಜಲ್ಲಿ ಹಾಕಿದಷ್ಟು ಎತ್ತರ ಕೆಸರು ಬೇರಿನ ಹತ್ತಿರಕ್ಕೆ ಏರಿತು, ಅಷ್ಟೇ. ತೂತಿನ ಮೇಲೆ ಮಣ್ಣು ಜಾರದ ಹಾಗೆ ಒಂದು ಹೆಂಚಿನ ಚೂರನ್ನು ಬೋರಲು ಇಟ್ಟರೆ ಸಾಕು.

ಗಿಡ ಪೂರ್ತಿ ಸಾಯುವ ಮೊದಲೇ ಕೊಳೆತ ಗೊತ್ತಾದರೆ ಉಳಿಸಬಹುದು. ಜಾರುವ ಬೇರನ್ನೆಲ್ಲ ಸ್ವಚ್ಛ ಕತ್ತರಿಯಲ್ಲಿ ತೆಗೆದು, ಉಳಿದ ಬೇರಿನ ಅಳತೆಗೆ ತಕ್ಕ ಕುಂಡಕ್ಕೆ ಹಾಕಿ. ಮೊದಲಿಗಿಂತ ಚಿಕ್ಕದು ಆದರೂ ಪರವಾಗಿಲ್ಲ, ಚಿಕ್ಕದೇ ಆಗಬೇಕು. ಗೊಬ್ಬರ ಬೇಡ. ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸುವವರಿದ್ದಾರೆ. ಅದು ಮುಂದೆ ಕೊಳೆಯದ ಹಾಗೆ ಕಾಯುತ್ತದೆ, ಕೊಳೆತದ್ದನ್ನು ಸರಿಮಾಡುವುದಿಲ್ಲ. ನಡುವಿನ ಸುಳಿಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿ ಇದ್ದರೆ ಆಸೆ ಇದೆ. ಕಿತ್ತು ಬಂದು ಬುಡ ನಾರುತ್ತಿದ್ದರೆ ಆ ಕಾಂಡ ಬಿಡಿ. ಪಾಮ್‌ನ ಒಂದು ಕಾಂಡಕ್ಕೆ ಒಂದೇ ಸುಳಿ. ಅರೇಕಾ ಪೊದೆಯಾಗಿ ಬೆಳೆಯುವುದರಿಂದ ಪಕ್ಕದ ಕಾಂಡಗಳು ಉಳಿಯಬಹುದು. ಫಾಕ್ಸ್‌ಟೇಲ್, ಬಾಟಲ್ ಪಾಮ್‌ಗಳಿಗೆ ಒಂದೇ ಕಾಂಡ, ಆ ಭಾಗ್ಯ ಇಲ್ಲ.

ಆರ್‌ಓ ವೇಸ್ಟ್ ನೀರು

ನೆನೆಸಿದ ಮೇಲೆ ಎಲೆ ಬಿಚ್ಚಿತು, ಆದರೆ ತುದಿ ಕಂದಾಗುವುದು ನಿಲ್ಲಲಿಲ್ಲ. ಇನ್ನೊಂದು ದೋಷ ಇತ್ತು. ಹೇಳಿಕೊಳ್ಳಲು ನಾಚಿಕೆ.

ನಮ್ಮ ಬಡಾವಣೆಗೆ ಆಗ ಕಾವೇರಿ ನೀರು ಬಂದಿರಲಿಲ್ಲ, ಬೋರ್‌ವೆಲ್ ನೀರೇ. ಬಕೆಟ್ ಅಂಚಿಗೆಲ್ಲ ಬಿಳಿ ಪೊರೆ ಕಟ್ಟುವಂಥ ಗಡಸು ನೀರು. ಕುಡಿಯಲು ಆರ್‌ಓ ಹಾಕಿಸಿದ್ದೆವು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ವೇಸ್ಟ್ ಮಾಡಬಾರದು ಅಂತ ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದೆ. ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಲೂ ಇದ್ದೆ. ಆದರೆ ಆರ್‌ಓ ಮಾಡುವುದು ಏನು? ಉಪ್ಪನ್ನೆಲ್ಲ ಒಂದು ಕಡೆ ತಳ್ಳುವುದು. ಆ ಉಪ್ಪೆಲ್ಲ ಹೋಗುವುದು ಇದೇ ವೇಸ್ಟ್ ನೀರಿಗೆ. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರನ್ನು ಪಕ್ಕದ ಮನೆಯವರಿಂದ ಇಸಕೊಂಡು ಅದ್ದಿದೆ. ಬೋರ್ ನೀರು 700ರ ಆಸುಪಾಸು ತೋರಿಸಿತು. ವೇಸ್ಟ್ ನೀರು 1,100 ದಾಟಿತು. ಎರಡು ವರ್ಷ ಗಿಡಕ್ಕೆ ಉಪ್ಪುನೀರು ಕುಡಿಸಿದ್ದೆ.

ಆ ನೀರಿನಲ್ಲಿ ನೆಲ ಒರೆಸಿ, ಕಾರ್ ತೊಳೆಯಿರಿ. ಕುಂಡಕ್ಕೆ ಬೇಡ, ಅದರಲ್ಲೂ ಅರೇಕಾಗೆ ಬೇಡವೇ ಬೇಡ. ಉಪ್ಪು, ಫ್ಲೋರೈಡ್ ಎರಡನ್ನೂ ಆ ಗಿಡ ತಾಳುವುದಿಲ್ಲ. ಮನೆಗೆಲ್ಲ ನೀರು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿದವರು ಇನ್ನೂ ಹುಷಾರಾಗಿರಬೇಕು. ಅದು ಸುಣ್ಣದಂಶ ತೆಗೆದು ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗಿಡಕ್ಕೆ ಮಾತ್ರ ಕೇಡು. ಸಾಫ್ಟ್‌ನರ್‌ಗೆ ಮೊದಲಿನ ನಲ್ಲಿಯಿಂದ ಹಿಡಿಯಿರಿ.

ಉಪ್ಪಿನ ಗುರುತು ಹುಡುಕುವುದು ಸುಲಭ. ಮಣ್ಣಿನ ಕುಂಡದ ಹೊರಗೆ, ಮಣ್ಣಿನ ಮೇಲೆ ಬಿಳಿ ಹುಡಿ. ಪರಿಹಾರ ತೊಳೆಯುವುದು. ಮೇಲಿನ ಒಂದಿಂಚು ಮಣ್ಣು ಕೆರೆದು ಎಸೆಯಿರಿ. ಕುಂಡದಲ್ಲಿ ಹಿಡಿಯುವಷ್ಟರ ಮೂರು ಪಟ್ಟು ಒಳ್ಳೆ ನೀರನ್ನು ಒಂದು ಗಂಟೆ ಹೊತ್ತು ನಿಧಾನವಾಗಿ ಹಾಯಿಸಿ. 12 ಇಂಚಿನ ಕುಂಡಕ್ಕೆ ಎರಡು ಮೂರು ಬಕೆಟ್ ಬೇಕು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಇದಕ್ಕಿಂತ ಸುಮ್ನೆ ಮಳೆಗೆ ಇಡುವುದು ಒಳ್ಳೆಯದು. ಕಂದಾದ ತುದಿ ಹಸಿರಾಗುವುದಿಲ್ಲ, ಹೊಸ ಎಲೆ ಸ್ವಚ್ಛವಾಗಿ ಬಂತಾ ಅನ್ನುವುದೇ ಲೆಕ್ಕ.

ಬಾಳೆಸಿಪ್ಪೆ ನೀರು, ಟೀ ಚರಟ, ಮೊಟ್ಟೆ ಸಿಪ್ಪೆ ಹಾಕಿ ಅಂತ ಸಲಹೆ ಕೊಡುವವರು ಬಹಳ. ಸಕ್ಕರೆ ಹಾಕಿದ ಟೀ ಚರಟಕ್ಕೆ ಇರುವೆ ಬಂತು. ಇನ್ನು ಮೊಟ್ಟೆ ಸಿಪ್ಪೆಯ ಸುಣ್ಣ ಬೋರ್ ನೀರಿನಲ್ಲೇ ಬೇಕಾದಷ್ಟಿದೆ.

ಕುಂಡ ಬದಲಿಸಲೇಬೇಕಾದಾಗ

ಇಷ್ಟೆಲ್ಲ ನೋಡಿದ ಮೇಲೂ ನಿಜವಾಗಿ ಜಾಗ ಸಾಲದಿರಬಹುದು. ಬೇರು ತೂತಿನಿಂದ ಹೊರಬಂದು ನೆಲ ತಡಕುತ್ತಿದೆ, ಪ್ಲಾಸ್ಟಿಕ್ ಕುಂಡ ಉಬ್ಬಿದೆ, ನೀರು ಹಾಕಿದ ಮಾರನೇ ದಿನವೇ ಕಡ್ಡಿ ಒಣಗಿ ಬರುತ್ತದೆ, ಗಿಡ ಕುಂಡದಿಂದ ಮೇಲೆದ್ದ ಹಾಗಿದೆ. ಆಗ ಬದಲಿಸಿ. ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಪಾಮ್‌ಗೆ ಸ್ವಲ್ಪ ಇರುಕಾದ ಕುಂಡವೇ ಇಷ್ಟ.

ಕಾಲ ಮುಖ್ಯ. ಬೇರು ಬೆಳೆಯಲು ಕಾವೂ ಬೇಕು, ಹಸಿಯೂ ಬೇಕು. ನಮ್ಮ ಕಡೆ ಅದು ಜೂನ್. ಮಾವನ ಲೆಕ್ಕದಲ್ಲಿ ಮೃಗಶಿರ ಹಿಡಿದು ಆರಿದ್ರಾ ಮಳೆ ಮುಗಿಯುವವರೆಗೆ. ಏಪ್ರಿಲ್ ಬಿಸಿಲು ಬೇಡ, ಸಂಕ್ರಾಂತಿ ಚಳಿಯೂ ಬೇಡ.

ಈಗಿನದಕ್ಕಿಂತ ಎರಡಿಂಚು ಹೆಚ್ಚು ಅಗಲದ ಕುಂಡ ಸಾಕು. ನಮ್ಮ ಎಡಗಡೆಯ ಗಿಡಕ್ಕೂ ಮುಂದೆ ಕುಂಡ ಬದಲಿಸಿದೆ. ಆಗ ಮಣ್ಣಿಗೆ ನಾನು ಹಾಕಿದ್ದು ಕೆಮ್ಮಣ್ಣು ಒಂದು ಪಾಲು, ತೊಳೆದ ಕೊಕೊಪೀಟ್ ಒಂದು ಪಾಲು, ಒರಟು ಮರಳು ಅರ್ಧ, ಅಕ್ಕಿ ಗಿರಣಿಯ ಕಪ್ಪಗೆ ಸುಟ್ಟ ಹೊಟ್ಟು ಅರ್ಧ, ಎರೆಗೊಬ್ಬರ ಅರ್ಧ. ಹೊಟ್ಟು ಕಪ್ಪಗಿರಬೇಕು, ಬೆಳ್ಳಗೆ ಬೂದಿಯಾದದ್ದು ಬೇಡ. ಗಡಸು ನೀರಿನ ಮೇಲೆ ಬೂದಿಯೂ ಸೇರಿದರೆ ಮಣ್ಣಿನ ಕ್ಷಾರ ಏರುತ್ತದೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಜರಡಿ ಹಿಡಿದು ತೊಳೆಯಿರಿ, ಅದರ ಧೂಳು ಸಿಮೆಂಟಿನ ಹಾಗೆ ಕೂರುತ್ತದೆ. ಕೊಕೊಪೀಟ್‌ನಲ್ಲೂ ಉಪ್ಪಿರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಿ. ಮಾವ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ಒಂದು ಚೀಲ ತಂದುಕೊಡುತ್ತೇನೆ ಅಂದರು. ಗದ್ದೆಗೆ ಬಂಗಾರದಂಥ ಗೊಬ್ಬರ. ಆದರೆ ಹಸಿಯದ್ದು ಕುಂಡದಲ್ಲಿ ಕಾವೇರುತ್ತದೆ. ಬೇಡ ಅಂದೆ, ಸ್ವಲ್ಪ ಬೇಜಾರಾದರು.

ಹಿಂದಿನ ದಿನ ನೀರು ಹಾಕಿ. ಕುಂಡವನ್ನು ಗೋಣಿಚೀಲದ ಮೇಲೆ ಮಲಗಿಸಿ, ಅತ್ತ ಇತ್ತ ಉರುಳಿಸಿ, ಅಂಚನ್ನು ಕೈಯಲ್ಲಿ ತಟ್ಟಿ. ಗಿಡದ ಕುತ್ತಿಗೆ ಹಿಡಿದು ಎಳೆಯಬೇಡಿ. ಅರೇಕಾ ಒಂದು ಗಿಡ ಅಲ್ಲ, ಹಲವು ಕಾಂಡಗಳ ಗುಂಪು. ಎಳೆದರೆ ಒಂದೊಂದು ಒಂದೊಂದು ಕಡೆ ಬರುತ್ತದೆ. ಬರದಿದ್ದರೆ ಪ್ಲಾಸ್ಟಿಕ್ ಕುಂಡ ಕತ್ತರಿಸಿ. ಕುಂಡ ಇನ್ನೊಂದು ಸಿಗುತ್ತದೆ. ತೂತಿನಿಂದ ಹೊರಬಂದ ಬೇರನ್ನೂ ಕುಂಡ ಒಡೆದೇ ಬಿಡಿಸಿ.

ಬೇರಿನ ಮುದ್ದೆ ಬಿಡಿಸಬೇಡಿ. ನಮ್ಮದರಲ್ಲಿ ಜೇಡಿಮಣ್ಣು ಇದ್ದಿದ್ದರಿಂದ ಟಬ್‌ನಲ್ಲಿ ಒಂದು ಗಂಟೆ ನೆನೆಸಿ, ಹೊರಗೆ ಕರಗಿದಷ್ಟನ್ನು ಮಾತ್ರ ಕೈಯಲ್ಲಿ ತೊಳೆದೆ. ಒಳಗಿನದನ್ನು ಮುಟ್ಟಲಿಲ್ಲ. ಹೊಸ ಮಣ್ಣಿನಲ್ಲಿ ಮೊದಲಿದ್ದ ಆಳಕ್ಕೇ ಕೂರಿಸಬೇಕು. ಗಿಡ ಅಲ್ಲಾಡುತ್ತೆ ಅಂತ ಕಾಂಡ ಹೂತರೆ ಬೇರು ಹುಟ್ಟುವ ಜಾಗಕ್ಕೆ ಗಾಳಿ ತಪ್ಪುತ್ತದೆ, ಹೊಸ ಎಲೆ ಬಿಳಚಿಕೊಳ್ಳುತ್ತದೆ. ಬುಡದಲ್ಲಿ ಎಳೇ ಬೇರುಗಳು ಮೊಳೆ ತಲೆಯ ಹಾಗೆ ಇಣುಕುತ್ತಿದ್ದರೆ ಅವು ಮುಚ್ಚುವಷ್ಟು ಮಣ್ಣು ಹಾಕಿ, ಅದಕ್ಕಿಂತ ಒಂದು ಹಿಡಿಯೂ ಬೇಡ. ಅಲ್ಲಾಡುವುದಕ್ಕೆ ಮದ್ದು ಎರಡು ಕೋಲು, ಒಂದು ಹಳೇ ಬಟ್ಟೆ ಚೂರು. ಗಿಡ ತೂಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ.

ಆಮೇಲಿನ ಎರಡು ತಿಂಗಳು

ಮೂರು ವಾರ ನೆರಳಲ್ಲಿಡಿ. ಮೊದಲ ದಿನ ಪೂರ್ತಿ ನೆನೆಯುವಷ್ಟು ನೀರು ಕೊಟ್ಟ ಮೇಲೆ ಕಡ್ಡಿ ಹೇಳಿದಾಗ ಮಾತ್ರ ಕೊಡಿ. ಮೇಲಿನ ಎರಡಿಂಚು ಒಣಗಿದಾಗ ಸರಿಹೋಗುತ್ತದೆ. ಗೊಬ್ಬರ ಎರಡು ತಿಂಗಳು ಇಲ್ಲ. ಕೆಳಗಿನ ಒಂದೆರಡು ಎಲೆ ಒಣಗಬಹುದು, ಅದು ಸಹಜ. ಒಳಗಿದ್ದ ಗಿಡವನ್ನು ಮಳೆಗೆ ಅಂತ ಹೊರಗಿಟ್ಟು ಮರೆತರೆ, ಮೋಡ ಸರಿದ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ. ಮರದ ಕೆಳಗಿಡಿ.

ಬೇರು ಹಿಡಿಯಿತೋ ಇಲ್ಲವೋ ಅಂತ ಕೆದಕಿ ನೋಡುವ ಆಸೆ ಬರುತ್ತದೆ. ಅದಕ್ಕೆ ಮಾವ ಒಂದು ಉಪಾಯ ಹೇಳಿಕೊಟ್ಟರು. ಬಿಚ್ಚದೆ ನೆಟ್ಟಗೆ ನಿಂತಿರುವ ಸುಳಿ ಎಲೆ ಇರುತ್ತದಲ್ಲ, ಅದರ ಮೇಲೂ ಪಕ್ಕದ ಎಲೆಯ ದಂಟಿನ ಮೇಲೂ ಒಂದೇ ಎತ್ತರಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ದಂಟು ಬೆಳೆದು ನಿಂತದ್ದು, ಅದು ಏರುವುದಿಲ್ಲ. ಸುಳಿಯ ಗೆರೆ ಏರಿದರೆ ಬೇರು ಕೆಲಸ ಮಾಡುತ್ತಿದೆ ಅಂತ ಅರ್ಥ.

ಆರಿದ್ರಾ ಮಳೆಯ ಎರಡನೇ ದಿನ ಗೆರೆ ಎಳೆದಿದ್ದೆ. ಮೂರು ವಾರ ಎರಡೂ ಗೆರೆ ಒಂದೇ ಮಟ್ಟದಲ್ಲಿ ನಿಂತಿದ್ದವು. ನಾಲ್ಕನೇ ವಾರ ಸುಳಿಯ ಗೆರೆ ಒಂದು ಅಕ್ಕಿ ಕಾಳಿನಷ್ಟು ಮೇಲಿತ್ತು. ಫೋನ್ ಮಾಡಿ ಹೇಳಿದೆ. "ಒಂದಕ್ಕಿ ಕಾಳಾ? ಸಾಕು ಬುಡವ್ವ, ಇನ್ನ ಅದ್ರ ತಂಟೆಗೋಗ್ಬ್ಯಾಡ" ಅಂದರು. ಗೌರಿ ಹಬ್ಬದ ಹೊತ್ತಿಗೆ ಗೆರೆ ಒಂದು ಗೇಣು ಏರಿತ್ತು.